ಮುಚ್ಚಿದ ಟಾಕೀಸು ಊರವರಿಂದಲೇ ತೆರೆಯಲಿ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಸೀಮೆಯಲ್ಲಿ ಬಾಗಿಲು ಹಾಕಿದ ಟಾಕೀಸೊಂದನ್ನು ಊರವರೇ ಸೇರಿ ಕಲಾತ್ಮಕ ಚಿತ್ರಗಳಿಗಾಗಿ ತೆರೆಯಬೇಕು. ಹಳ್ಳಿ ಜನ ಇಂಥ ಸಿನಿಮಾ ನೋಡುತ್ತಾರೆಯೇ ಎಂಬ ಆಕ್ಷೇಪಕ್ಕೆ ಮಲೆನಾಡಿನ ಹಳ್ಳಿ ಹೆಗ್ಗೋಡು ಎಂದೋ ಉತ್ತರಿಸಿದೆ. ಅಲ್ಲಿ ರಂಗಕರ್ಮಿ ಕೆ.ವಿ. ಸುಬ್ಬಣ್ಣ 1973ರಲ್ಲಿ ನೀನಾಸಮ್ ಚಿತ್ರಸಮಾಜ ಕಟ್ಟಿದರು; ಅಡಿಕೆ ಸೀಮೆಯ ಜನ ಜಪಾನಿನ ಕುರೊಸಾವಾನ ‘ರಶೋಮಾನ್’ ಕೂತು ನೋಡಿದರು. ನಮ್ಮ ಸೀಮೆಯೇನು ಕಡಿಮೆ? ಇಲ್ಲಿನ ಹಲಸಂಗಿ ಗೆಳೆಯರ ಬಳಗದವರು ಹಳ್ಳಿಯಲ್ಲೇ ಇದ್ದು ಗರತಿಯರ ಹಾಡು ಕೂಡಿಸಿ 1931ರಲ್ಲಿ ಪುಸ್ತಕ ತಂದರು.

ಹಣ ಎಲ್ಲಿಂದ ಎಂಬ ಪ್ರಶ್ನೆ ತೂಕದ್ದೇ. ಪವನ್ ಕುಮಾರ್ ಅವರ ‘ಲೂಸಿಯಾ’ (2013) ಚಿತ್ರ ಪ್ರೇಕ್ಷಕರೇ ಹಾಕಿದ ಹಣದಿಂದ ತಯಾರಾಯಿತು. ನಮ್ಮ ಸೀಮೆಯ ಲಚ್ಯಾಣದ ಜಾತ್ರೆಯ ದಾಸೋಹ ನಡೆಯುವುದೂ ಭಕ್ತರ ಕಾಣಿಕೆಯಿಂದಲೇ. ಸಿನಿಮಾ ನೋಡಲು ಮೊಬೈಲು ಸಾಲದೇ? ಸಾಲದು. 1977ರ ಕನ್ನಡ ಚಿತ್ರ ‘ಘಟಶ್ರಾದ್ಧ’ 2024ರಲ್ಲಿ ಮರುಜೀವ ಪಡೆದು ವೆನಿಸ್ ಚಿತ್ರೋತ್ಸವದ ದೊಡ್ಡ ಪರದೆ ಕಂಡಿತು. ಅದೇ ಚಿತ್ರ ನೋಡಲು ಇಂಡಿಯ ವಿದ್ಯಾರ್ಥಿನಿಗೆ ಅಂಗೈಯಗಲದ ಗಾಜು ಸಾಕೆಂದರೆ ನಾನು ಒಪ್ಪಲಾರೆ. ವರ್ಷದ ಚಂದಾ, ವಾರಕ್ಕೊಂದು ಪ್ರದರ್ಶನ: ಇಷ್ಟರಿಂದಲೇ ಶುರುಮಾಡಬಹುದು.