ಹನಿ ಬಿದ್ದಲ್ಲಿ ಅಂಟು ಹಚ್ಚಬೇಡಿ

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಮೋಟಾರ್‌ಹೋಮ್ ಕೊಂಡಿದ್ದಾರೆ. ಅಡುಗೆಯ ಒಲೆ, ಹಾಸಿಗೆ, ಸ್ನಾನಗೃಹ ಎಲ್ಲವನ್ನೂ ಹೊತ್ತು ರಸ್ತೆಯ ಮೇಲೆ ಓಡುವ ಮನೆ ಅದು. ಇತರರು ಬಳಸಿದ ಗಾಡಿಯನ್ನು ಕೊಂಡ ಶಿಷ್ಯನೊಬ್ಬ, ಒಳಗೆ ನೀರು ಸೋರುತ್ತಿದೆಯೆಂದೂ, ಅಂಟು ಹಚ್ಚಿ ಹಚ್ಚಿ ಸಾಕಾಗಿದೆಯೆಂದೂ ತಿಳಿಸಿ, ಒಂದು ಹೊಸ ಹಲಗೆ ಹೊದಿಸಿ ಮಾರಿಬಿಡಲೇ ಎಂದು ಕೇಳಿದ್ದಾನೆ. ಅವನಿಗೆ ಹೇಳಬೇಕಾದುದು ಇತರರಿಗೂ ಉಪಯೋಗವಾದೀತೆಂದು ಇಲ್ಲಿಯೇ ಬರೆಯುತ್ತಿದ್ದೇನೆ.

ನೀರು ಒಳಹೊಕ್ಕ ಜಾಗವೂ ತೊಟ್ಟಿಕ್ಕುವ ಜಾಗವೂ ಒಂದೇ ಆಗಿರುವುದು ಅಪರೂಪ. ಹೆಂಚಿನ ಮನೆಯಲ್ಲಿ ಬೆಳೆದವರು ಇದನ್ನು ಬಲ್ಲರು. ಒಡೆದ ಹೆಂಚು ಒಂದೆಡೆಯಿದ್ದರೆ, ನೀರು ರೀಪು ಪಕಾಸುಗಳ ಗುಂಟ ಹರಿದು ಬೀಳುವುದು ಇನ್ನೊಂದೆಡೆ. ಆದರೆ ಅಲ್ಲಿ ತಲೆಯೆತ್ತಿ ನೋಡಿದರೆ ಬೆಳಕಿನ ಕಿಂಡಿಯಾದರೂ ಕಾಣುತ್ತದೆ. ಮೋಟಾರ್‌ಹೋಮಿನಲ್ಲಿ ಹಾಗಲ್ಲ. ಸಾಮಾನ್ಯವಾಗಿ ಹೊರಗೆ ರಬ್ಬರ್ ಅಥವಾ ಫೈಬರ್‌ಗ್ಲಾಸ್ ಹೊದಿಕೆ, ಅದರಡಿ ತೆಳು ಪ್ಲೈವುಡ್, ನಡುವೆ ಫೋಮ್, ಒಳಗೆ ಅಲಂಕಾರದ ಹಲಗೆ. ನೀರು ಈ ಪದರಗಳ ನಡುವೆ ಹಲವು ಅಡಿ ಸಂಚರಿಸಬಲ್ಲದು. ಕಲೆ ಕಣ್ಣಿಗೆ ಬೀಳುವ ಹೊತ್ತಿಗೆ ಮರ ಕೊಳೆಯತೊಡಗಿದ್ದರೂ ಆಶ್ಚರ್ಯವಿಲ್ಲ. ಹನಿ ಬಿದ್ದಲ್ಲಿ ಅಂಟು ಹಚ್ಚುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆಯೇ ಸರಿ. ಹೊರಬರುವ ದಾರಿ ಮುಚ್ಚಿಹೋದ ನೀರು ಗೋಡೆಯೊಳಗೇ ನಿಲ್ಲುತ್ತದೆ.

ಆದ್ದರಿಂದ ಮೊದಲು ಕಾರಣವನ್ನು ವಿಂಗಡಿಸಬೇಕು. ಚಳಿಯ ಬೆಳಗ್ಗೆ ಕಿಟಕಿಯ ಗಾಜಿನ ಒಳಮೈಯಲ್ಲಿ ಕಾಣುವ ನೀರು ಬಹುತೇಕ ನಮ್ಮ ಉಸಿರಿನ ಮತ್ತು ಅಡುಗೆಯ ಆವಿ. ಅದಕ್ಕೆ ಗಾಳಿಯಾಡುವುದೇ ಮದ್ದು. ಮಳೆಯಿಲ್ಲದಾಗಲೂ ನೆಲ ಒದ್ದೆಯಾದರೆ ಕೊಳವೆಗಳನ್ನು ಶಂಕಿಸಬೇಕು. ನಲ್ಲಿಗಳನ್ನೆಲ್ಲ ಮುಚ್ಚಿ, ತೊಟ್ಟಿಯ ನೀರನ್ನೆತ್ತುವ 12 ವೋಲ್ಟಿನ ಪಂಪನ್ನು ಚಾಲನೆಯಲ್ಲಿಡಿ. ಯಾರೂ ನೀರು ಬಳಸದಿದ್ದರೂ ಅದು ಆಗಾಗ ಗುರುಗುಟ್ಟಿದರೆ ಎಲ್ಲೋ ಒತ್ತಡ ಕುಸಿಯುತ್ತಿದೆಯೆಂದು ಅರ್ಥ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆಂದು ತರಗತಿಯಲ್ಲಿ ಕಲಿತದ್ದು ನೆನಪಿರಲಿ. ಚಳಿಗಾಲಕ್ಕೆ ಮುನ್ನ ಬರಿದುಮಾಡದ ಕೊಳವೆ ಒಡೆಯುವುದು ಇದರಿಂದಲೇ.

ಮಳೆಯ ನೀರೇ ಆದರೆ, ಅದು ಸಾಮಾನ್ಯವಾಗಿ ಕೀಲುಗಳಲ್ಲಿ, ಛಾವಣಿಯನ್ನು ಕೊರೆದು ಕೂರಿಸಿದ ಭಾಗಗಳಲ್ಲಿ ನುಗ್ಗುತ್ತದೆ. ಗಾಳಿಕಿಂಡಿ, ಏರ್ ಕಂಡೀಷನರ್ ಅಡಿಯ ಗ್ಯಾಸ್ಕೆಟ್, ಕಿಟಕಿಯ ಚೌಕಟ್ಟು, ಮೂಲೆಯ ಲೋಹದ ಪಟ್ಟಿ, ಮೇಲಂಚಿನ ಪುಟ್ಟ ದೀಪಗಳು, ಇವನ್ನು ಒಂದೊಂದಾಗಿ ಪರೀಕ್ಷಿಸಬೇಕು. ಒಬ್ಬರು ಒಳಗೆ ನಿಂತು ನೋಡುತ್ತಿರಲಿ, ಇನ್ನೊಬ್ಬರು ರಬ್ಬರ್ ಪೈಪಿನಿಂದ ಮೆಲ್ಲನೆ, ಕೆಳಗಿನಿಂದ ಆರಂಭಿಸಿ ಮೇಲಕ್ಕೆ ನೀರು ಬಿಡಲಿ. ಮೇಲಿನಿಂದ ಆರಂಭಿಸಿದರೆ ಹರಿದಿಳಿದ ನೀರು ಎಲ್ಲ ಕೀಲುಗಳನ್ನೂ ಒಮ್ಮೆಗೇ ನೆನೆಸಿ ಗೊಂದಲ ಹುಟ್ಟಿಸುತ್ತದೆ. ಬಿರುಕು ಸಿಕ್ಕ ಮೇಲೆ ಹಳೆಯ ಅಂಟನ್ನು ಕೆರೆದು, ಮರವನ್ನು ಪೂರ್ತಿ ಒಣಗಿಸಿ, ಕೊಳೆತ ಭಾಗವನ್ನು ಕತ್ತರಿಸಿ ತೆಗೆದು, ಅನಂತರವಷ್ಟೇ ಮುಚ್ಚಬೇಕು. ರಬ್ಬರ್ ಛಾವಣಿಗೆ ಅಂಗಡಿಯ ಸಾಮಾನ್ಯ ಸಿಲಿಕೋನ್ ಬೇಡ. ಅದು ಸರಿಯಾಗಿ ಹಿಡಿಯುವುದಿಲ್ಲ, ಅದರ ಶೇಷದ ಮೇಲೆ ಬೇರೆ ಅಂಟೂ ನಿಲ್ಲುವುದಿಲ್ಲ. ಆ ಹೊದಿಕೆಗೆಂದೇ ತಯಾರಾದ ಅಂಟನ್ನು ಬಳಸಬೇಕು.

ಇನ್ನು ಮಾರಾಟದ ಪ್ರಶ್ನೆ. "ನನಗೂ ಹಾಗೆಯೇ ಮುಚ್ಚಿಟ್ಟು ಮಾರಿದರಲ್ಲವೇ, ಮೇಷ್ಟ್ರೇ?" ಎಂದು ಅವನು ಕೇಳುತ್ತಾನೆ. ಅವನ ನಷ್ಟ ದೊಡ್ಡದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೋಸ ಮಾಡಿದವನು ಬೇರೆ, ಮುಂದೆ ಕೊಳ್ಳುವವನು ಬೇರೆ. ಒಬ್ಬನ ಸಾಲವನ್ನು ಇನ್ನೊಬ್ಬನಿಂದ ವಸೂಲು ಮಾಡುವುದು ಯಾವ ನ್ಯಾಯ? ಆ ಹಲಗೆಯ ಹಿಂದೆ ಬೆಳೆಯುವ ಬೂಷ್ಟಿನ ಪಕ್ಕದಲ್ಲಿ ಮಲಗುವುದು ಯಾರದೋ ಮಕ್ಕಳು. ಉಬ್ಬಸವಿರುವ ಮಗುವಿಗೆ ಅದು ಕೇವಲ ಕಲೆಯಲ್ಲ.

ಬ್ರಿಟನ್ನಿನಲ್ಲಿ ಇಂಥ ಗಾಡಿಗಳ ತೇವಾಂಶವನ್ನು ವರ್ಷಕ್ಕೊಮ್ಮೆ ಉಪಕರಣದಿಂದ ಅಳತೆ ಮಾಡಿಸುವ ರೂಢಿಯಿದೆ. ಎಲ್ಲೆಡೆಯೂ ಅನುಸರಿಸತಕ್ಕ ಪದ್ಧತಿ ಅದು. ಹಾಗೆ ಅಳತೆ ಮಾಡಿಸಿ, ದುರಸ್ತಿ ಸಾಧ್ಯವಾದರೆ ಮಾಡಿಸಲಿ. ಸಾಧ್ಯವಾಗದಿದ್ದರೆ ದೋಷವನ್ನು ಕಾಗದದ ಮೇಲೆ ಬರೆದುಕೊಟ್ಟು, ಬೆಲೆ ತಗ್ಗಿಸಿ ಮಾರಲಿ. ನಷ್ಟವಾಗುತ್ತದೆ, ನಿಜ. ಆದರೆ ಆ ನಷ್ಟ ಅವನಲ್ಲಿಯೇ ನಿಲ್ಲುತ್ತದೆ, ಮತ್ತೊಂದು ಮನೆಗೆ ದಾಟುವುದಿಲ್ಲ.