ದ್ವೀಪಕ್ಕೆ ಸಿಗುವ ಮಾಸ್ತರ ಜತ್ತಕ್ಕೆ ಯಾಕೆ ಸಿಗುವುದಿಲ್ಲ?

ಬಿ.ಎಡ್. ಫಲಿತಾಂಶ ಬಂದ ಮೇಲೆ ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕಿನ ಸಂಖದ ನಮ್ಮ ಮನೆಗೆ ಹುಡುಗರು ಬರತೊಡಗುತ್ತಾರೆ. ಕೈಯಲ್ಲಿ ಮೊಬೈಲು, ಅದರಲ್ಲಿ ಯಾವನೋ ಏಜೆಂಟ್ ವಾಟ್ಸಾಪ್‌ಗೆ ಕಳಿಸಿದ ಜಾಹೀರಾತು: ಮಾಲ್ಡೀವ್ಸ್‌ಗೆ ಇಂಗ್ಲಿಷ್ ಶಿಕ್ಷಕರು ಬೇಕಾಗಿದ್ದಾರೆ, ವಸತಿ ಇದೆ, ವಿಮಾನದ ಟಿಕೆಟ್ ಇದೆ. "ಸರ, ನೀವು ಹೋಗಿ ಬಂದಾವ್ರು. ನಾ ಹೋಗ್ಲೇನ್ರಿ?" ಎಂದು ಹುಡುಗರು ಕೇಳುತ್ತಾರೆ. ಹಿಂದೆ ಬಂದ ಅವ್ವಂದಿರದು ಬೇರೆ ಚಿಂತೆ. "ಅಲ್ಲಿ ರೊಟ್ಟಿ ಸಿಗತಾವೇನ್ರಿ ಮಾಸ್ತರ?" ಇಬ್ಬರಿಗೂ ನನ್ನ ಬಳಿ ಉತ್ತರವಿದೆ. ಆದರೆ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅದಕ್ಕೆ ಉತ್ತರ ಕೊಡಬೇಕಾದವರು ಮುಂಬೈಯಲ್ಲೂ ಬೆಂಗಳೂರಿನಲ್ಲೂ ಕುಳಿತಿದ್ದಾರೆ.

ನಾನು ಓದಿದ್ದು ಜತ್ತ ತಾಲೂಕಿನ ಜಿಲ್ಲಾ ಪರಿಷತ್ ಕನ್ನಡ ಶಾಲೆಯಲ್ಲಿ. ಪಠ್ಯಪುಸ್ತಕ ಪುಣೆಯ ಬಾಲಭಾರತಿಯದು, ಅಕ್ಷರ ಕನ್ನಡದ್ದು, ಊರಿಗೆ ಬರುವ ಬಸ್ಸಿನ ಬೋರ್ಡು ಮರಾಠಿಯದು. ಜತ್ತದಲ್ಲಿ ಇಂಗ್ಲಿಷ್ ಬಿ.ಎ., ಕೊಲ್ಹಾಪುರದಲ್ಲಿ ಎಂ.ಎ. ಮುಗಿಸಿದೆ. ಈ ಸೀಮೆಯವರು ಇಂಗ್ಲಿಷ್ ಕಲಿಸುವುದು ಹೊಸತೇನಲ್ಲ. ವಿನಾಯಕ ಕೃಷ್ಣ ಗೋಕಾಕರು ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವರು. ಎ.ಕೆ. ರಾಮಾನುಜನ್ ಬೆಳಗಾವಿಯಲ್ಲಿ ಇಂಗ್ಲಿಷ್ ಕಲಿಸಿ ಮುಂದೆ ಶಿಕಾಗೊ ತಲುಪಿದರು. ಅವರೆಲ್ಲ ದೊಡ್ಡವರು. ನಮ್ಮಂಥ ಸಾಮಾನ್ಯ ಮಾಸ್ತರರ ದಾರಿ ಬೇರೆ ಇತ್ತು. ಹೈಲೆ ಸೆಲಾಸಿಯ ಕಾಲದ ಇಥಿಯೋಪಿಯಾಕ್ಕೆ, ಆಮೇಲೆ ನೈಜೀರಿಯಾ, ಲಿಬಿಯಾಗಳಿಗೆ ಭಾರತದ ಶಾಲಾ ಶಿಕ್ಷಕರು ದೊಡ್ಡ ಸಂಖ್ಯೆಯಲ್ಲಿ ಹೋದರು. ನನ್ನ ಕಾಲಕ್ಕೆ ಆ ದಾರಿ ಮಾಲ್ಡೀವ್ಸ್‌ಗೆ ತಿರುಗಿತ್ತು, ನಾನೂ ಅದನ್ನೇ ಹಿಡಿದೆ.

ಮೊದಲು ಲಾಭದ ಮಾತು. ಜತ್ತದ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕೈಗೆ ಬರುತ್ತಿದ್ದುದರ ಹಲವು ಪಟ್ಟು ಸಂಬಳ ಅಲ್ಲಿ ಬಂತು. ದ್ರಾಕ್ಷಿ ಪಡಕ್ಕೆಂದು ಅಪ್ಪ ಹೊಡೆಸಿದ ಬೋರ್‌ವೆಲ್‌ಗಳ ಸಾಲ ತೀರಿತು, ತಂಗಿಯ ಮದುವೆಯಾಯಿತು. ಸಂಬಳ ತಿಂಗಳ ಕೊನೆಗೆ ತಪ್ಪದೆ ಬರುತ್ತಿತ್ತು. ಇಲ್ಲಿ ಸಂಸ್ಥೆಯ ಅಧ್ಯಕ್ಷರ ಮನೆ ಬಾಗಿಲು ಕಾದವರಿಗೆ ಇದರ ಬೆಲೆ ಗೊತ್ತು.

ಹಣಕ್ಕಿಂತ ದೊಡ್ಡ ಲಾಭ ಕಸುಬಿನದು. ಜತ್ತದಲ್ಲಿ ನಾನು ಇಂಗ್ಲಿಷ್ ಪಾಠವನ್ನು ಕನ್ನಡದಲ್ಲಿ ಮಾಡುತ್ತಿದ್ದೆ. ವಾಕ್ಯ ಓದು, ಅರ್ಥ ಹೇಳು, ಪ್ರಶ್ನೋತ್ತರ ಬರೆಸು. ದ್ವೀಪದ ಮಕ್ಕಳಿಗೆ ಕನ್ನಡವೂ ಬಾರದು, ಮರಾಠಿಯೂ ಬಾರದು. ನನಗೆ ಅವರ ದಿವೇಹಿ ಬಾರದು. ನಡುವೆ ಇದ್ದದ್ದು ಇಂಗ್ಲಿಷ್ ಒಂದೇ. ಕೈಸನ್ನೆ, ಚಿತ್ರ, ಆಟ, ಅಂಗಡಿಯಾಟ ಎಲ್ಲವನ್ನೂ ಹಚ್ಚಿ ಅದರಲ್ಲೇ ದಾಟಬೇಕಿತ್ತು. ಅಲ್ಲಿನ ಮಕ್ಕಳು ಕಾರ್ಟೂನ್ ನೋಡಿ ನೋಡಿ ಪಟಪಟ ಮಾತಾಡುತ್ತಾರೆ. ಪೆನ್ನು ಹಿಡಿಸಿದರೆ ನಾಲ್ಕು ಸಾಲಿಗೆ ಸುಸ್ತು. ನಮ್ಮ ಮಕ್ಕಳು ತಿರುಗುಮುರುಗು. ಪ್ರಬಂಧ ಬಾಯಿಪಾಠ ಬರೆಯುತ್ತಾರೆ, ಹೆಸರೇನೆಂದು ಕೇಳಿದರೆ ನೆಲ ನೋಡುತ್ತಾರೆ. ಎರಡನ್ನೂ ಕಂಡ ಮೇಲೆಯೇ ನನಗೆ ಪಾಠ ಮಾಡಲು ಬಂದದ್ದು. ಯಾವ ತರಬೇತಿ ಶಿಬಿರದಲ್ಲೂ ಇದನ್ನು ಕಲಿತಿರಲಿಲ್ಲ.

ಬರದ ತಾಲೂಕಿನವನಿಗೆ ದ್ವೀಪ ಹೆದರಿಕೆ ಹುಟ್ಟಿಸುವುದಿಲ್ಲ. ಸುತ್ತ ಸಮುದ್ರವಿದ್ದರೂ ಕುಡಿಯಲು ಬೇಕಾದ್ದು ಮಳೆನೀರು, ಇಲ್ಲವೆ ಯಂತ್ರದಲ್ಲಿ ಉಪ್ಪು ತೆಗೆದ ನೀರು. 2014ರ ಡಿಸೆಂಬರ್‌ನಲ್ಲಿ ಮಾಲೆಯ ನೀರಿನ ಘಟಕಕ್ಕೆ ಬೆಂಕಿ ಬಿದ್ದಾಗ ಭಾರತ ವಿಮಾನ, ಹಡಗುಗಳಲ್ಲಿ ನೀರು ಕಳಿಸಿತ್ತು. ಟ್ಯಾಂಕರ್ ಹಿಂದೆ ಕೊಡ ಹಿಡಿದು ಓಡಿದ ನಮಗೆ ಕೊಡದ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ.

ಈಗ ನಷ್ಟದ ಮಾತು. ಅವ್ವಂದಿರೇ, ರೊಟ್ಟಿ ಸಿಗುವುದಿಲ್ಲ. ಜೋಳ ಎಂಬುದೇ ಇಲ್ಲ. ಬೆಳಿಗ್ಗೆ ಟ್ಯೂನಾ ಮೀನಿಗೆ ಕೊಬ್ಬರಿ ಕಲಸಿದ ಮಸ್‌ಹುನಿ, ಮಧ್ಯಾಹ್ನ ಮೀನಿನ ಸಾರು. ಕಾಯಿಪಲ್ಲೆ ಮಾಲೆಯಿಂದ ದೋಣಿಯಲ್ಲಿ ಬರಬೇಕು. ಗಾಳಿ ಜೋರಾದರೆ ದೋಣಿ ಇಲ್ಲ. ಮೀನು ಮುಟ್ಟದ ನನ್ನಂಥವರು ಬೇಳೆ, ಈರುಳ್ಳಿ, ಊರಿನಿಂದ ಕಟ್ಟಿಕೊಂಡು ಹೋದ ಶೇಂಗಾ ಚಟ್ನಿಯಲ್ಲಿ ತಿಂಗಳು ನೂಕಬೇಕು. ಅದು ಇಸ್ಲಾಂ ದೇಶ. ಬೇರೆ ಧರ್ಮದವರು ಬಹಿರಂಗವಾಗಿ ಪೂಜೆ ಮಾಡುವಂತಿಲ್ಲ, ಪೂಜೆಯ ಮೂರ್ತಿ ಒಯ್ಯುವಂತಿಲ್ಲ. ನಮ್ಮ ಗುಡ್ಡಾಪುರದ ದಾನಮ್ಮ ದೇವಿಯನ್ನು ಮನಸ್ಸಿನಲ್ಲೇ ನೆನೆಯಬೇಕು. ಆ ನಾಡಿನ ಕಾನೂನು ಅದು. ಅದನ್ನು ತಿಳಿದೇ ಹೋಗಬೇಕು, ಹೋದ ಮೇಲೆ ಗೊಣಗಬಾರದು. ಶುಕ್ರವಾರ, ಶನಿವಾರ ರಜೆ. ಊರಲ್ಲಿ ಎಲ್ಲರೂ ಮನೆಯಲ್ಲಿರುವ ರವಿವಾರ ನೀವು ಪಾಠದಲ್ಲಿ. ಮನೆಯ ಶುಭ ಕಾರ್ಯಕ್ಕೂ ಇಲ್ಲ, ಮಣ್ಣಿಗೂ ಇಲ್ಲ.

ಸಂಬಳದ ಲೆಕ್ಕದಲ್ಲೂ ಗಂಟುಗಳಿವೆ. ಕೈಗೆ ಬರುವುದು ರುಫಿಯಾ. ಊರಿಗೆ ಕಳಿಸಲು ಡಾಲರ್ ಬೇಕು. ಸರ್ಕಾರಿ ದರ ಡಾಲರ್‌ಗೆ 15.42 ರುಫಿಯಾ. ಆದರೆ ಆ ದರಕ್ಕೆ ಬೇಕಾದಷ್ಟು ಡಾಲರ್ ಬ್ಯಾಂಕಿನಲ್ಲಿ ಸಿಗುವುದಿಲ್ಲ, ಹೊರಗೆ ಕೊಂಡರೆ ತುಟ್ಟಿ. ಜಾಹೀರಾತಿನಲ್ಲಿ ಡಾಲರ್ ಲೆಕ್ಕ ಓದಿ ಕುಣಿಯುವ ಹುಡುಗರು ತಿಂಗಳಿಗೆ ಎಷ್ಟು ಡಾಲರ್ ಮನೆಗೆ ಕಳಿಸಬಹುದು ಎಂಬುದನ್ನು ಮೊದಲು ಕೇಳಬೇಕು.

ಏಜೆಂಟರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 1983ರ ವಲಸೆ ಕಾಯ್ದೆಯ ಪ್ರಕಾರ ನೇಮಕ ಮಾಡಿಸುವ ಏಜೆಂಟ್ ಕೇಂದ್ರ ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಅವನು ಅಭ್ಯರ್ಥಿಯಿಂದ ಪಡೆಯಬಹುದಾದದ್ದು ಗರಿಷ್ಠ 30,000 ರೂಪಾಯಿ ಮತ್ತು ಜಿಎಸ್‌ಟಿ. ನಮ್ಮ ತಾಲೂಕಿನ ಒಬ್ಬ ಹುಡುಗ ನೋಂದಣಿಯೇ ಇಲ್ಲದ ಏಜೆಂಟನಿಗೆ ಲಕ್ಷ ಮೀರಿ ಕೊಟ್ಟ. ಹತ್ತನೆಯ ತರಗತಿ ಪಾಸಾದವರಿಗೆ ಎಮಿಗ್ರೇಷನ್ ತಪಾಸಣೆಯ ಮುದ್ರೆ ಬೇಕಿಲ್ಲ. ಅದರಿಂದ ಓಡಾಟ ತಪ್ಪುತ್ತದೆ, ಕರಾರು ಪತ್ರವನ್ನು ಇನ್ನೊಬ್ಬರು ನೋಡುವುದೂ ತಪ್ಪುತ್ತದೆ. ಓದಿದವನು ತನ್ನ ಕಾಗದ ತಾನೇ ಓದಿಕೊಳ್ಳಲಿ ಎಂದು ಸರ್ಕಾರ ಬಿಟ್ಟಿದೆ. ಓದಿದವರೇ ಕಾಗದ ಓದದೆ ಸಹಿ ಹಾಕುತ್ತಾರೆ.

ಇಂಗ್ಲಿಷ್ ಶಿಕ್ಷಕನಿಗೆ ಇನ್ನೊಂದು ಪೆಟ್ಟು ಇದೆ. ಗಣಿತದ ಮಾಸ್ತರನಿಗೆ ಯಾರೂ ನಿನ್ನ ತಾಯ್ನುಡಿ ಯಾವುದೆಂದು ಕೇಳುವುದಿಲ್ಲ. ನಮಗೆ ಕೇಳುತ್ತಾರೆ. ದಕ್ಷಿಣ ಕೊರಿಯಾ ಭಾಷಾ ಶಿಕ್ಷಕರ ವೀಸಾವನ್ನು ಬಹುಕಾಲ ಅಮೆರಿಕ, ಬ್ರಿಟನ್ ಮೊದಲಾದ ಏಳು ದೇಶಗಳ ಪಾಸ್‌ಪೋರ್ಟ್ ಇದ್ದವರಿಗಷ್ಟೇ ಕೊಡುತ್ತಿತ್ತು. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಒಪ್ಪಂದ ನಮಗೂ ಕಿಂಡಿ ತೆರೆಯಿತು, ಆದರೆ ಕಿಂಡಿ ಬಾಗಿಲಾಗಲಿಲ್ಲ. ಆಗ್ನೇಯ ಏಷ್ಯಾದಲ್ಲಿ ಪದವಿಯೂ ಇಲ್ಲದ ಬಿಳಿಯ ಯುವಕ ನಮ್ಮ ಎಂ.ಎ., ಬಿ.ಎಡ್.ಗಿಂತ ಹೆಚ್ಚು ಸಂಬಳ ಪಡೆಯುವುದು ಆ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ನಮಗೆ ಸುಲಭವಾಗಿ ತೆರೆಯುವುದು ಬಿಳಿಯರು ಹೋಗಿ ನಿಲ್ಲದ ದೂರದ ದ್ವೀಪ, ದೂರದ ಹಳ್ಳಿ.

ರಾಜಕೀಯವೂ ಬಿಡುವುದಿಲ್ಲ. 'ಇಂಡಿಯಾ ಔಟ್' ಚಳವಳಿಯ ಬಲದಲ್ಲಿ ಬಂದ ಮುಯಿಝು 2023ರ ನವೆಂಬರ್‌ನಲ್ಲಿ ಅಧ್ಯಕ್ಷರಾದಾಗ, ಮರುವರ್ಷದ ಆರಂಭದಲ್ಲಿ ಎರಡೂ ದೇಶಗಳ ಜನ ಮೊಬೈಲಿನಲ್ಲಿ ಬೈದಾಡಿಕೊಂಡಾಗ, ಅಲ್ಲಿದ್ದ ಗೆಳೆಯರು ನನಗೆ ಫೋನ್ ಮಾಡಿ ದಿಗಿಲು ಹೇಳಿಕೊಂಡರು. ಶಾಲೆಯ ಮಕ್ಕಳು ಮಾತ್ರ ಎಂದಿನಂತೆ ಸೈಕಲ್ ಮೇಲೆ ಬಂದು ಸರ್ ಸರ್ ಎನ್ನುತ್ತಿದ್ದರಂತೆ. ಜತ್ತದವರಿಗೆ ಈ ಅನುಭವ ಹೊಸದಲ್ಲ. 2022ರ ನವೆಂಬರ್‌ನಲ್ಲಿ ಆಗಿನ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಗಡಿ ವಿವಾದದಲ್ಲಿ ಜತ್ತ ತಾಲೂಕಿನ ಹಳ್ಳಿಗಳ ಹೆಸರೆತ್ತಿದೊಡನೆ ಎರಡೂ ರಾಜ್ಯಗಳ ಬಸ್ಸುಗಳಿಗೆ ಮಸಿ ಬಿತ್ತು. ನಾವು ಸಂತೆಗೆ ಹೋಗಿ ಬರುವುದು ನಿಲ್ಲಿಸಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ನಷ್ಟ ಮರಳಿ ಬಂದ ಮೇಲೆ ಕಾಣುತ್ತದೆ. ಮಹಾರಾಷ್ಟ್ರದಲ್ಲಿ ಶಿಕ್ಷಕ ನೇಮಕಾತಿ ಪವಿತ್ರ ಪೋರ್ಟಲ್ ಮೂಲಕ ನಡೆಯುತ್ತದೆ. ಅದಕ್ಕೆ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಬೇಕು, 2017ರಲ್ಲಿ ಶುರುವಾದ ಶಿಕ್ಷಕರ ಅಭಿಯೋಗ್ಯತಾ ಪರೀಕ್ಷೆ (ಟಿಎಐಟಿ) ಬೇಕು. ಎರಡನೆಯ ಟಿಎಐಟಿ ನಡೆದದ್ದು 2023ರಲ್ಲಿ. ಪರೀಕ್ಷೆ ಯಾವಾಗ ಬರುತ್ತದೋ ಗೊತ್ತಿಲ್ಲದೆ ಕಾಯುವವನ ವಯಸ್ಸು ಮಾತ್ರ ಕಾಯುವುದಿಲ್ಲ. ಆಯ್ಕೆಯಾದರೂ ಮೊದಲ ಮೂರು ವರ್ಷ ಅವನು ಶಿಕ್ಷಣ ಸೇವಕ. ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 16,000 ರೂಪಾಯಿ ಗೌರವಧನ. ಅದೂ 2023ರಲ್ಲಿ ಹೆಚ್ಚಿಸಿದ ಮೇಲೆ. ಅದಕ್ಕೂ ಮುಂಚೆ 6,000 ಇತ್ತು. ಬೇರೆ ದೇಶದ ಸರ್ಕಾರಿ ಶಾಲೆಯಲ್ಲಿ ದುಡಿದ ವರ್ಷಗಳಿಗೆ ಇಲ್ಲಿ ಬೆಲೆಯಿಲ್ಲ. ಹೊಸಬನಂತೆ ಮತ್ತೆ ಸಾಲಿನಲ್ಲಿ ನಿಲ್ಲಬೇಕು.

ಹಾಗಾದರೆ ಯಾರೂ ಕೇಳದ ಆ ಪ್ರಶ್ನೆಗೆ ಬರುತ್ತೇನೆ. ಮಾಲ್ಡೀವ್ಸ್ ಸುಮಾರು 1,200 ದ್ವೀಪಗಳ ದೇಶ. ಜನ ವಾಸಿಸುವುದು ಇನ್ನೂರರ ಆಸುಪಾಸಿನಲ್ಲಿ. ಹೆಚ್ಚುಕಡಿಮೆ ಅವೆಲ್ಲಕ್ಕೂ ಶಾಲೆ ಇದೆ. ನಾನಿದ್ದ ದ್ವೀಪದ ಒಂದು ತುದಿಯಿಂದ ಇನ್ನೊಂದು ತುದಿಗೆ ಚಹಾ ಆರುವುದರೊಳಗೆ ನಡೆದು ಮುಟ್ಟಬಹುದು. ಅಷ್ಟು ಸಣ್ಣ ಊರಿನ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಆ ಸರ್ಕಾರ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಜತ್ತದಿಂದ ಮಾಸ್ತರನನ್ನು ಟಿಕೆಟ್ ಕೊಟ್ಟು, ಮನೆ ಕೊಟ್ಟು ಕರೆಸುತ್ತದೆ. ನಮ್ಮ ಸರ್ಕಾರಕ್ಕೆ ಜತ್ತದ ಮಾಸ್ತರನನ್ನು ಜತ್ತದಲ್ಲೇ ಇಟ್ಟುಕೊಳ್ಳಲು ಯಾಕೆ ಆಗುವುದಿಲ್ಲ?

ಉಮದಿ, ಬಿಳೂರು, ಮುಚಂಡಿ, ತಿಕೋಟಾದತ್ತ ಹೋಗುವ ಗಡಿಯ ಹಳ್ಳಿಗಳು, ಎಲ್ಲೆಡೆ ಮನೆಮಾತು ಕನ್ನಡ. ಮಹಾರಾಷ್ಟ್ರ 2000ನೇ ಇಸವಿಯಿಂದ ಒಂದನೆಯ ತರಗತಿಗೇ ಇಂಗ್ಲಿಷ್ ತಂದಿದೆ. 2020ರ ಕಾಯ್ದೆ ಮರಾಠಿಯನ್ನು ಎಲ್ಲ ಶಾಲೆಗಳಿಗೂ ಕಡ್ಡಾಯ ಮಾಡಿದೆ. ಅಂದರೆ ಕನ್ನಡ ಶಾಲೆಯ ಮಗು ಎಳವೆಯಲ್ಲೇ ಮೂರು ಲಿಪಿ ಹೊರುತ್ತದೆ. ಅದು ಹೊರಬಲ್ಲದು, ನಾವೂ ಹೊತ್ತವರೇ. ಆದರೆ ಕೈ ಹಿಡಿಯುವ ಮಾಸ್ತರನಿಗೆ ಮಗುವಿನ ಮಾತು ತಿಳಿಯಬೇಕು. 2024ರಲ್ಲಿ ಇದೇ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ್ದು ಪತ್ರಿಕೆಗಳಲ್ಲಿ ಬಂತು. ಆ ಶಿಕ್ಷಕರನ್ನು ನಾನು ದೂರುವುದಿಲ್ಲ, ದಿವೇಹಿ ಬಾರದೆ ನಾನೂ ದ್ವೀಪಕ್ಕೆ ಹೋದವನು. ಆದರೆ ಅಲ್ಲಿ ನನ್ನನ್ನು ಕರೆಸಿದ್ದು ಇಂಗ್ಲಿಷ್ ಪಾಠಕ್ಕೆ. ದಿವೇಹಿ ಪಾಠವನ್ನು ದಿವೇಹಿಯವರೇ ಮಾಡುತ್ತಿದ್ದರು. ಇಲ್ಲಿ ಕನ್ನಡ ಬಾರದವರು ಕನ್ನಡ ಮಾಧ್ಯಮದ ಎಲ್ಲ ಪಾಠಗಳನ್ನೂ ಮಾಡಬೇಕಾಗುತ್ತದೆ. ಅತ್ತ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಬಲ್ಲ ನಮ್ಮ ಹುಡುಗರು ಪಾಸ್‌ಪೋರ್ಟ್ ಮಾಡಿಸುತ್ತಿದ್ದಾರೆ.

ಮಕ್ಕಳ ಸಂಖ್ಯೆ ಕಡಿಮೆ ಎನ್ನುವುದು ಅಧಿಕಾರಿಗಳ ಸಿದ್ಧ ಉತ್ತರ. ಆದರೆ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ರಾಜ್ಯಗಳ ಗಡಿ ಗೆರೆ ಎಳೆದ 1956ರಲ್ಲೇ ಆ ವಿಧಿಯೂ ಬಂತು. ಗೆರೆಯ ಆಚೆ ಉಳಿದವರಿಗೆ ಕೊಟ್ಟ ಮಾತು ಅದು.

ಕರ್ನಾಟಕವೂ ಕೈ ತೊಳೆದುಕೊಳ್ಳುವಂತಿಲ್ಲ. ವೃತ್ತಿಪರ ಕೋರ್ಸುಗಳ ಪ್ರವೇಶಕ್ಕೆ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ್‌ನವರನ್ನು ಗಡಿನಾಡ ಕನ್ನಡಿಗರೆಂದು ಅದು ಒಪ್ಪಿದೆ. ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೆ ವಿಶೇಷ ಅನುದಾನ ಕೊಡುವುದಾಗಿ ಬೊಮ್ಮಾಯಿಯವರು 2022ರಲ್ಲಿ ಹೇಳಿದ್ದರು. ಆ ಹಣ ಬಂದಾಗ ಕಮಾನು, ಭವನ ಕಟ್ಟಿಸುವ ಬದಲು ಶಾಲೆಗೊಬ್ಬ ಇಂಗ್ಲಿಷ್ ಅತಿಥಿ ಶಿಕ್ಷಕನಿಗೆ ಕೊಡಲಿ. ಮಹಾರಾಷ್ಟ್ರ ಕನ್ನಡ ಮಾಧ್ಯಮದ ಹುದ್ದೆಗಳನ್ನು ಕನ್ನಡ ಬಲ್ಲವರಿಂದಲೇ ತುಂಬಲಿ, ವಿದೇಶದ ಸರ್ಕಾರಿ ಶಾಲೆಯ ಅನುಭವವನ್ನು ನೇಮಕದಲ್ಲಿ ಎಣಿಸಲಿ.

ಹುಡುಗರಿಗೆ ನನ್ನ ಮಾತು ಇಷ್ಟೆ. ಹೋಗಿ, ಆದರೆ ಏಜೆಂಟನ ನೋಂದಣಿ ನೋಡಿ, ಕರಾರನ್ನು ಪೂರ್ತಿ ಓದಿ, ಮರಳುವ ವರ್ಷ ಗೊತ್ತು ಮಾಡಿಕೊಂಡು ಹೋಗಿ. ಹೋಗುವ ಮೊದಲು ಟಿಇಟಿ ಮುಗಿಸಿ. ಸಾಲ ತೀರಿದ ದಿನ, ಕಸುಬು ಕೈಗೆ ಹತ್ತಿದ ದಿನ ಮರಳಿ ಬನ್ನಿ. ವಿದೇಶದ ಇಂಗ್ಲಿಷ್ ಮಾಸ್ತರಿಕೆ ಕೆಲವು ವರ್ಷಗಳಿಗೆ ಒಳ್ಳೆಯದು, ಇಡೀ ಬದುಕಿಗೆ ಸಾಲದು. ನೀವು ಮರಳಿ ಬಂದಾಗ ಜತ್ತದಲ್ಲಿ ನಿಮಗೊಂದು ಹುದ್ದೆ ಇರುವಂತೆ ನೋಡಿಕೊಳ್ಳುವುದು ಎರಡೂ ಸರ್ಕಾರಗಳ ಹೊಣೆ.