ಹಳೆಯ ವಿಮಾನವನ್ನು ಹತ್ತಬಹುದೆ?

ಹೊರದೇಶಗಳಲ್ಲಿ ಮಕ್ಕಳೋ ಅಳಿಯಂದಿರೋ ನೆಲಸಿರುವ ಮನೆಗಳಲ್ಲಿ ಈಚೆಗೆ ಒಂದು ಹೊಸ ಬಗೆಯ ಪ್ರಶ್ನೆ ಏಳುವುದುಂಟು. ಬೇಸಗೆಯಲ್ಲಿ ತನ್ನನ್ನು ನೋಡಿಹೋಗಲೆಂದು ಬಂದ ತಾಯಿತಂದೆಗಳಿಗೆ ಏನಾದರೊಂದು ಸೋಜಿಗವನ್ನು ತೋರಿಸಬೇಕೆಂಬ ಆಸೆಯಿಂದ ಮಗನು, “ಅಪ್ಪಾ, ಎಂಬತ್ತು ವರ್ಷದ ಹಿಂದೆ ಕಟ್ಟಿದ ವಿಮಾನವೊಂದು ಇಲ್ಲಿ ಇನ್ನೂ ಹಾರುತ್ತಿದೆ, ಒಂದು ಗಂಟೆ ಅದರಲ್ಲಿ ಕುಳಿತು ಬರೋಣ” ಎನ್ನುತ್ತಾನೆ. ತಾಯಿಯು, “ಅಷ್ಟು ಹಳೆಯದೆ? ಬೇಡವೇ ಬೇಡಪ್ಪ” ಎನ್ನುತ್ತಾಳೆ. ತಂದೆಯು, “ಎಂಬತ್ತು ವರ್ಷ ಬೀಳದೆ ಇದ್ದುದು ನಾವು ಹತ್ತಿದ ದಿನವೇ ಬಿದ್ದೀತೆ?” ಎಂದು ನಗುತ್ತಾನೆ. ಈ ಇಬ್ಬರ ಮಾತೂ ಲೋಕದಲ್ಲಿ ಸಾಮಾನ್ಯವಾಗಿ ಕೇಳಬರತಕ್ಕದ್ದೇ. ಆದರೆ ಎರಡರಲ್ಲಿ ಯಾವುದನ್ನೂ ನೆಚ್ಚಿ ತೀರ್ಮಾನಕ್ಕೆ ಬರಲಾಗದೆಂದು ನಮಗೆ ತೋರುತ್ತದೆ.

ತಾಯಿಯ ಮಾತನ್ನು ಮೊದಲು ನೋಡೋಣ. ವಿಮಾನದ ಮುಪ್ಪನ್ನು ಮನುಷ್ಯನ ಮುಪ್ಪಿನಂತೆ ಬರಿಯ ವರ್ಷಗಳಿಂದ ಎಣಿಸಲಾಗದು. ತಂತಿಯ ತುಂಡೊಂದನ್ನು ಅತ್ತಿತ್ತ ಬಗ್ಗಿಸುತ್ತಲೇ ಇದ್ದರೆ ಕಡೆಗೆ ಅದು ಬಗ್ಗಿದೆಡೆಯಲ್ಲಿಯೇ ಮುರಿಯುವುದನ್ನು ಮಕ್ಕಳೂ ಬಲ್ಲರು. ಲೋಹದ ದಣಿವೆಂದರೆ ಇದೇ. ಪೆಟ್ಟಿಗೆಯಲ್ಲಿಟ್ಟ ತಂತಿ ಐವತ್ತು ವರ್ಷವಾದರೂ ದಣಿಯದು (ತುಕ್ಕು ಹಿಡಿದೀತು, ಅದು ಬೇರೆ ಮಾತು). ಈಗಿನ ದೊಡ್ಡ ವಿಮಾನಗಳು ಮೂವತ್ತು ನಲವತ್ತು ಸಾವಿರ ಅಡಿಗಳ ಎತ್ತರದಲ್ಲಿ ಹಾರುವುದರಿಂದ, ಒಳಗಿನವರ ಉಸಿರಾಟಕ್ಕಾಗಿ ಅವುಗಳ ಒಡಲಿನಲ್ಲಿ ಗಾಳಿಯನ್ನು ಒತ್ತಿ ತುಂಬಬೇಕಾಗುತ್ತದೆ. ಏರಿದಾಗಲೆಲ್ಲ ಒಡಲು ಕೊಂಚ ಉಬ್ಬುತ್ತದೆ, ಇಳಿದಾಗಲೆಲ್ಲ ಕುಗ್ಗುತ್ತದೆ. ಹವಾಯಿ ದ್ವೀಪಗಳ ನಡುವೆ ಓಡಾಡುತ್ತಿದ್ದ ಅಲೋಹಾ ಕಂಪನಿಯ ಬೋಯಿಂಗ್ ವಿಮಾನವೊಂದರ ಮೇಲ್ಚಾವಣಿಯು ೧೯೮೮ರ ಏಪ್ರಿಲ್ ೨೮ರಂದು ಆಕಾಶದಲ್ಲಿಯೇ ಸುಮಾರು ೧೮ ಅಡಿಗಳಷ್ಟು ಉದ್ದಕ್ಕೆ ಕಿತ್ತುಹೋಯಿತು. ಪರಿಚಾರಿಕೆಯೊಬ್ಬಳು ಗಾಳಿಯ ಸೆಳೆತಕ್ಕೆ ಸಿಕ್ಕಿ ಹೋದಳು. ಉಳಿದವರನ್ನು ಚಾಲಕರು ಹೇಗೋ ನೆಲ ಮುಟ್ಟಿಸಿದರು. ಆ ವಿಮಾನಕ್ಕೆ ವಯಸ್ಸು ೧೯ ವರ್ಷ ಮಾತ್ರ. ಆದರೆ ದ್ವೀಪದಿಂದ ದ್ವೀಪಕ್ಕೆ ಸಣ್ಣ ಸಣ್ಣ ಹಾರಾಟಗಳಾದುದರಿಂದ ಅದು ಅಷ್ಟರೊಳಗೆ ಸುಮಾರು ೯೦,೦೦೦ ಸಲ ಏರಿ ಇಳಿದಿತ್ತು. ಸಾಲದೆಂಬಂತೆ ಕಡಲ ಉಪ್ಪುಗಾಳಿ ಬೇರೆ.

ಇದಕ್ಕೆ ಹೋಲಿಸಿದರೆ ೧೯೩೫ರಲ್ಲಿ ಮೊದಲ ಸಲ ಹಾರಿದ ಡಕೋಟ ಮಾದರಿಯ ವಿಮಾನವು ತಗ್ಗಿನಲ್ಲಿ ಹಾರತಕ್ಕದ್ದು. ಅದರ ಒಡಲಿಗೆ ಈ ಉಬ್ಬುವ ಕುಗ್ಗುವ ಕಾಟವಿಲ್ಲ. ನಮ್ಮ ಬೆಂಗಳೂರಿಗೂ ಡಕೋಟಕ್ಕೂ ನಂಟು ಹಳೆಯದು. ವಾಲಚಂದ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನೊಡನೆ ೧೯೪೦ರಲ್ಲಿ ತೆರೆದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಮಹಾಯುದ್ಧದ ಕಾಲಕ್ಕೆ ಇವನ್ನು ಬಿಚ್ಚಿ ಜೋಡಿಸುತ್ತಿದ್ದರು; ಯುದ್ಧ ಮುಗಿದ ಮೇಲೆ ಮಿಕ್ಕ ಯಂತ್ರಗಳನ್ನು ನಾಗರಿಕರ ಉಪಯೋಗಕ್ಕೆ ತಕ್ಕಂತೆ ಮಾರ್ಪಡಿಸಿ ಕೊಟ್ಟರು. ಹಳೆಯ ಡಕೋಟವೊಂದು ದುರಸ್ತಿಯಾಗಿ ೨೦೧೮ರಲ್ಲಿ ಇಂಗ್ಲೆಂಡಿನಿಂದ ತನ್ನ ರೆಕ್ಕೆಯ ಮೇಲೆಯೇ ಹಾರಿಬಂದು ‘ಪರಶುರಾಮ’ನೆಂಬ ಹೆಸರಿನಿಂದ ನಮ್ಮ ವಾಯುಸೇನೆಯನ್ನು ಸೇರಿತು. ಆದುದರಿಂದ ಹಳೆಯದೆಂಬ ಒಂದೇ ಕಾರಣಕ್ಕೆ ಯಂತ್ರವನ್ನು ತಳ್ಳಿಹಾಕುವುದು ನ್ಯಾಯವಲ್ಲ.

ಹಾಗಾದರೆ ತಂದೆಯ ಮಾತು ಸರಿಯೆ? ಅಮೇರಿಕದ ಮಯಾಮಿ ಪಟ್ಟಣದಿಂದ ಬಹಾಮಾ ದ್ವೀಪಗಳಿಗೆ ನೀರಿನ ಮೇಲಿಂದ ಏರಿ ನೀರಿನ ಮೇಲೆಯೇ ಇಳಿಯುವ ವಿಮಾನಗಳನ್ನು ನಡೆಸುತ್ತಿದ್ದ ‘ಚಾಕ್ಸ್’ ಎಂಬ ಪುಟ್ಟ ಕಂಪನಿಯಿತ್ತು. ೧೯೧೯ರಿಂದ ನಡೆದುಬಂದಿರುವುದಾಗಿ ಹೇಳಿಕೊಳ್ಳುತ್ತಿತ್ತು. ಅದರ ಗ್ರಮ್ಮನ್ ಮಲ್ಲಾರ್ಡ್ ವಿಮಾನಗಳು ಬಹು ಅಪರೂಪದವು. ಆ ಮಾದರಿಯಲ್ಲಿ ಕಟ್ಟಿದ್ದೇ ಒಟ್ಟು ೫೯. ಪ್ರವಾಸಿಗಳಿಗೆ ಅದೊಂದು ಮೋಜು. ಬಿಮಿನಿ ದ್ವೀಪದ ಜನರಿಗೆ ಪೇಟೆಗೆ ಹೋಗಿಬರುವ ದಾರಿ. ಚಾಕ್ಸ್ ವಿಮಾನದಲ್ಲಿ ಪ್ರಯಾಣಿಕನೊಬ್ಬನೂ ಸತ್ತಿಲ್ಲವೆಂಬ ಖ್ಯಾತಿಯನ್ನು ನಂಬಿ ಜನರು ಹತ್ತುತ್ತಿದ್ದರು. ೨೦೦೫ರ ಡಿಸೆಂಬರ್ ೧೯ರಂದು, ಕ್ರಿಸ್‌ಮಸ್ ಹಬ್ಬಕ್ಕೆ ಇನ್ನು ಆರು ದಿನವಿರುವಾಗ, ೧೯೪೭ರಲ್ಲಿ ಕಟ್ಟಿದ ಅಂತಹ ಒಂದು ವಿಮಾನವು ಮಯಾಮಿಯ ನೀರಿನಿಂದ ಮೇಲೆದ್ದ ಸ್ವಲ್ಪ ಹೊತ್ತಿಗೆ, ಕಡಲ ದಂಡೆಯ ಜನರ ಕಣ್ಣೆದುರಿಗೇ, ಬಲಗಡೆಯ ರೆಕ್ಕೆ ಕಳಚಿ ಬಿದ್ದು ಮುಳುಗಿತು. ಒಳಗಿದ್ದ ೨೦ ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅವರಲ್ಲಿ ಮೂರು ಎಳೆಯ ಕೂಸುಗಳು.

ತನಿಖೆಯ ವಿವರಗಳನ್ನು ಗೃಹಸ್ಥರಾದವರು ಗಮನವಿಟ್ಟು ನೋಡಬೇಕು. ಮನೆಯ ಮಾಡಿಗೆ ತೊಲೆಯಿರುವಂತೆ ವಿಮಾನದ ರೆಕ್ಕೆಯೊಳಗೂ ತೊಲೆಯಿರುತ್ತದೆ. ಭಾರವನ್ನೆಲ್ಲ ಹೊರುವುದು ಅದೇ. ಆ ವಿಮಾನದ ರೆಕ್ಕೆಯಲ್ಲಿ ದಣಿವಿನ ಬಿರುಕುಗಳು ಹುಟ್ಟಿ ಬೆಳೆಯುತ್ತಿದ್ದವು. ರೆಕ್ಕೆಯಲ್ಲಿ ತುಂಬಿದ ಇಂಧನವು ಮತ್ತೆ ಮತ್ತೆ ಸೋರುತ್ತಿತ್ತು. ಸೋರಿದಾಗಲೆಲ್ಲ ಮೇಣ ಮೆತ್ತಿದರು. ಹೊರತಗಡಿನ ಬಿರುಕಿಗೆ ತೇಪೆ ಹಾಕಿದರು. ಏಕೆ ಸೋರುತ್ತಿದೆ, ಒಳಗೆ ಮುರಿದಿರುವುದು ಏನು ಎಂದು ಕೊನೆಯವರೆಗೆ ಹೋಗಿ ನೋಡಲಿಲ್ಲ. ಮಳೆಗಾಲದಲ್ಲಿ ಗೋಡೆಯ ಮೇಲೆ ಒದ್ದೆ ಕಂಡರೆ ಸುಣ್ಣ ಬಳಿದು ಸುಮ್ಮನಾಗುವ ಮನೆಯವನು ತೊಲೆಗೆ ಗೆದ್ದಲು ಹತ್ತಿರುವುದನ್ನು ಕಾಣನು. ಸರಕಾರದ ವಿಮಾನ ಇಲಾಖೆಯೂ ಕಾಣಲಿಲ್ಲವೆಂದು ತನಿಖಾ ಮಂಡಲಿಯು ೨೦೦೭ರಲ್ಲಿ ಹೇಳಿತು. ಇದರಲ್ಲಿ ವಿಚಿತ್ರವಾದ ಸಂಗತಿಯೊಂದಿದೆ. ವಯಸ್ಸಾದ ವಿಮಾನಗಳನ್ನು ವಿಶೇಷವಾಗಿ ಪರೀಕ್ಷಿಸಬೇಕೆಂಬ ನಿಯಮವನ್ನು ಅಮೇರಿಕದವರು ಅಷ್ಟರಲ್ಲಿ ಮಾಡಿದ್ದರು. ಆದರೆ ಮಲ್ಲಾರ್ಡಿನಂತಹ ತೀರ ಹಳೆಯ ಮಾದರಿಗಳನ್ನು ಆ ನಿಯಮದಿಂದ ಬಿಟ್ಟುಬಿಟ್ಟಿದ್ದರು! ಅಪರೂಪವಾದುದಕ್ಕೆ ಹೀಗೊಂದು ಅಪಾಯವುಂಟು. ಸಾವಿರಗಟ್ಟಲೆ ಹಾರುವ ಯಂತ್ರದ ಒಂದು ಕುಂದು ಎಲ್ಲಿಯೋ ಕಂಡುಬಂದರೆ ಲೋಕಕ್ಕೆಲ್ಲ ತಿಳಿಯುತ್ತದೆ, ಕಟ್ಟಿದವರೇ ಎಚ್ಚರಿಕೆ ಕಳುಹುತ್ತಾರೆ. ನಾಲ್ಕಾರು ಮಾತ್ರ ಉಳಿದಿರುವ ಯಂತ್ರದ ಕುಂದನ್ನು ಯಾರು ಯಾರಿಗೆ ತಿಳಿಸಬೇಕು?

ಇದು ಹಣ ಸಾಲದ ಕಂಪನಿಯ ಕಥೆಯಾಯಿತು, ಅಚ್ಚುಕಟ್ಟಿಗೆ ಹೆಸರಾದ ದೇಶದಲ್ಲಾದರೆ ಹೀಗಾಗದು ಎಂದು ಯಾರಾದರೂ ಹೇಳಬಹುದು. ಅಂತಹವರಿಗೆ ಸ್ವಿಟ್ಸರ್ಲೆಂಡಿನ ‘ಯೂ-ಏರ್’ ಸಂಸ್ಥೆಯ ವೃತ್ತಾಂತವನ್ನು ಹೇಳಬೇಕಾಗುತ್ತದೆ. ಆ ದೇಶದ ವಾಯುಸೇನೆಯು ೧೯೩೯ರಲ್ಲಿ ಮೂರು ಯುಂಕರ್ಸ್-೫೨ ವಿಮಾನಗಳನ್ನು ಕೊಂಡಿತ್ತು. ಮೂರು ಎಂಜಿನುಗಳು, ನೆಗ್ಗುನೆಗ್ಗಾದ ತಗಡಿನ ಮೈ. ನೋಡಿದವರು ಮರೆಯುವಂತಹ ರೂಪವಲ್ಲ. ಸೇನೆಗೆ ಬೇಡವಾದ ಮೇಲೆ ಅವನ್ನು ಮಾರಿಬಿಡಬಾರದೆಂದು ಅಭಿಮಾನಿಗಳು ಹಣ ಕೂಡಿಸಿ ಉಳಿಸಿಕೊಂಡು, ೧೯೮೨ರಿಂದ ಜ್ಯೂರಿಕ್ಕಿನ ಬಳಿಯ ಡ್ಯೂಬೆಂಡಾರ್ಫಿನಲ್ಲಿ ಪ್ರಯಾಣಿಕರನ್ನು ಹತ್ತಿಸಿಕೊಂಡು ಹಾರತೊಡಗಿದರು. ಚಾಲಕರು ಸೇನೆಯಲ್ಲಿಯೂ ದೊಡ್ಡ ಕಂಪನಿಗಳಲ್ಲಿಯೂ ನುರಿತು ಬಂದವರು. ಹಣದ ಆಸೆಗೆ ಹಾರಿದವರಲ್ಲ. ಮೂವತ್ತಾರು ವರ್ಷ ಪ್ರಯಾಣಿಕರಲ್ಲಿ ಒಬ್ಬರ ಪ್ರಾಣಕ್ಕೂ ಕೇಡಾಗಲಿಲ್ಲ. ನಿವೃತ್ತರಾದವರು, ಮಕ್ಕಳಿಂದ ಹುಟ್ಟುಹಬ್ಬದ ಉಡುಗೊರೆಯಾಗಿ ಚೀಟಿ ಪಡೆದವರು, ಇಂತಹ ಸಂಭಾವಿತರೇ ಹತ್ತುವ ವಿಮಾನ ಅದು. ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡಬೇಕೆಂಬ ಗಾದೆಯು ಅಲ್ಲಿ ಯಾರಿಗೂ ನೆನಪಾಗುವಂತಿರಲಿಲ್ಲ.

೨೦೧೮ರ ಆಗಸ್ಟ್ ೪ರಂದು, ಎರಡು ದಿನದ ವಿಹಾರವನ್ನು ಮುಗಿಸಿಕೊಂಡು ಲೊಕಾರ್ನೊ ಊರಿನಿಂದ ಹಿಂದಿರುಗುತ್ತಿದ್ದ ಅವುಗಳಲ್ಲೊಂದು ಆಲ್ಪ್ಸ್ ಪರ್ವತದ ಸೆಗ್ನಸ್ ಶಿಖರದ ಬಳಿ ಬಿದ್ದಿತು. ೧೭ ಮಂದಿ ಪ್ರಯಾಣಿಕರು, ಮೂವರು ಸಿಬ್ಬಂದಿ, ಎಲ್ಲರೂ ಹೋದರು. ಹಾರಾಟದ ವಿವರವನ್ನು ಬರೆದಿಡುವ ಪೆಟ್ಟಿಗೆಯು ಅದರಲ್ಲಿರಲಿಲ್ಲ. ಪ್ರಯಾಣಿಕರು ಸಂತೋಷದಿಂದ ತೆಗೆದುಕೊಂಡಿದ್ದ ಚಿತ್ರಗಳೇ ತನಿಖೆಗೆ ಸಾಕ್ಷಿಯಾಗಬೇಕಾಯಿತು. ಆ ವಿಮಾನ ಮುಪ್ಪಿನಿಂದ ಮುರಿದು ಬೀಳಲಿಲ್ಲ. ಚಾಲಕರು ಕಿರಿದಾದ ಕಣಿವೆಯೊಳಕ್ಕೆ ತೀರ ತಗ್ಗಿನಲ್ಲಿ ಹೊಕ್ಕರು. ಹಿಂದಿರುಗಿ ಹೊರಡಲು ಎಡೆಯಿಲ್ಲದಂತಹ ದಾರಿ ಹಿಡಿದರು. ಬೆಟ್ಟದ ಗಾಳಿಯ ಏರಿಳಿತಕ್ಕೆ ಸಿಕ್ಕಿದಾಗ ಬೇಕಾದಷ್ಟು ವೇಗವೂ ಇರಲಿಲ್ಲ. ರೆಕ್ಕೆಗಳು ಎತ್ತಿಹಿಡಿಯುವ ಶಕ್ತಿಯನ್ನು ಕಳೆದುಕೊಂಡವು. ತೂಕವು ಇರಬೇಕಾದುದಕ್ಕಿಂತ ಹಿಂದಕ್ಕೆ ಸರಿದಿದ್ದುದರಿಂದ ವಿಮಾನವನ್ನು ಹಿಡಿತಕ್ಕೆ ತರುವುದು ಇನ್ನಷ್ಟು ಕಷ್ಟವಾಯಿತು. ಇವೆಲ್ಲವೂ ೨೦೨೧ರ ಜನವರಿಯಲ್ಲಿ ಹೊರಬಂದ ವರದಿಯಲ್ಲಿವೆ. ಆ ಸಂಸ್ಥೆಯ ಹಿಂದಿನ ಹಾರಾಟಗಳನ್ನು ತೆಗೆದು ನೋಡಿದಾಗ ನಿಯಮ ಮೀರಿ ತಗ್ಗಿನಲ್ಲಿ ಹಾರುವುದು ಅಲ್ಲಿ ಅಪರೂಪವಲ್ಲವೆಂದು ತಿಳಿದುಬಂದಿತು. ಅವಶೇಷಗಳಲ್ಲಿ ಬಿರುಕುಗಳೂ ತುಕ್ಕೂ ಕಂಡವು. ಅಪಘಾತಕ್ಕೆ ಅವು ಕಾರಣವಲ್ಲದಿದ್ದರೂ, ಹೊರಗೆ ಥಳಕು ಒಳಗೆ ಹುಳುಕು ಎಂಬಂತೆ, ಯಾರೂ ಅವನ್ನು ಕಂಡಿರಲಿಲ್ಲ.

ಈ ಎರಡು ವೃತ್ತಾಂತಗಳನ್ನು ನಾವು ಇಷ್ಟು ಹಿಗ್ಗಿಸಿ ಬರೆದುದಕ್ಕೆ ಕಾರಣವುಂಟು. ಒಂದರಲ್ಲಿ ಯಂತ್ರ ಸೋತಿತು, ಇನ್ನೊಂದರಲ್ಲಿ ನಡೆಸುವವರ ಅಭ್ಯಾಸ ಸೋತಿತು. ಎರಡರಲ್ಲಿಯೂ ಹಿಂದಿನ ಒಳ್ಳೆಯ ಹೆಸರು ಜನರನ್ನು ಮೈಮರೆಸಿತು. ಏನೂ ಆಗಲಿಲ್ಲವೆಂಬುದು ಸರಿಯಾಗಿ ನಡೆಸಿದುದಕ್ಕೆ ಸಾಕ್ಷಿಯಾಗದು, ಅದೃಷ್ಟಕ್ಕೂ ಸಾಕ್ಷಿಯಾಗಿರಬಹುದು. ಹತ್ತುವವನಿಗೆ ಎರಡರ ಭೇದ ಹೊರಗಿನಿಂದ ಕಾಣುವುದಿಲ್ಲ. ಆದರೆ ಏನೂ ಕಾಣುವುದಿಲ್ಲವೆಂದು ಕೈಬಿಡಬೇಕಾದುದೂ ಇಲ್ಲ.

ಮೊದಲು ಕೇಳಬೇಕಾದುದು, ಕಾನೂನು ನಮ್ಮನ್ನು ಯಾರೆಂದು ಎಣಿಸುತ್ತದೆ ಎಂಬುದನ್ನು. ಯುಂಕರ್ಸ್ ಅಪಘಾತವಾದ ಮೇಲೆ ಸ್ವಿಸ್ ಅಧಿಕಾರಿಗಳು ೨೦೧೯ರ ಮಾರ್ಚಿಯಲ್ಲಿ, ಆ ವಿಮಾನಗಳು ಹಣಕ್ಕೆ ಪ್ರಯಾಣಿಕರನ್ನು ಹೊರಕೂಡದು, ಬೇಕಾದರೆ ಸಂಘದ ಸದಸ್ಯರನ್ನು ಖಾಸಗಿಯಾಗಿ ಕೂರಿಸಿಕೊಳ್ಳಬಹುದು ಎಂದು ವಿಧಿಸಿದರು. ಚೀಟಿ ಕೊಳ್ಳುವಾಗ “ಮೊದಲು ನಮ್ಮ ಸಂಘಕ್ಕೆ ಸದಸ್ಯರಾಗಿ” ಎಂದು ಯಾರಾದರೂ ಹೇಳಿದರೆ, ಆ ಸಣ್ಣ ಚಂದಾಹಣದಿಂದ ನಾವು ಪ್ರಯಾಣಿಕರ ಸಾಲಿನಿಂದ ಇಳಿದು, ಅಪಾಯವನ್ನು ತಿಳಿದೂ ಒಪ್ಪಿಕೊಂಡವರ ಸಾಲಿಗೆ ಸೇರುತ್ತೇವೆಂದು ತಿಳಿದಿರಬೇಕು. ಅದು ಮೋಸವಲ್ಲ. ತಿಳಿಯದೆ ಸೇರುವುದು ಮಾತ್ರ ಸಲ್ಲದು.

ಕಂಪನಿಯ ಹೆಸರನ್ನು ವಿಚಾರಿಸಿದರೆ ಸಾಲದು, ವಿಮಾನದ ಹೆಸರನ್ನೂ ವಿಚಾರಿಸಬೇಕು. ಉತ್ತರ ಕೊರಿಯದ ಏರ್ ಕೊರ್ಯೋ ಸಂಸ್ಥೆಗೆ ಯೂರೋಪಿನ ಒಕ್ಕೂಟವು ೨೦೦೬ರಲ್ಲಿ ತನ್ನ ಆಕಾಶವನ್ನು ಮುಚ್ಚಿತು. ೨೦೧೦ರಲ್ಲಿ ಅದೇ ಸಂಸ್ಥೆಯ ಎರಡು ಟುಪೊಲೆವ್-೨೦೪ ವಿಮಾನಗಳಿಗೆ ಮಾತ್ರ ಬಾಗಿಲು ತೆರೆಯಿತು, ಉಳಿದವಕ್ಕೆ ಇಲ್ಲ. ಆದರೂ ಆ ದಶಕದಲ್ಲಿ ಇತರ ಕಡೆಗಳಲ್ಲಿ ಕಾಣಸಿಗದ ಇಲ್ಯೂಷಿನ್-೧೮, ಇಲ್ಯೂಷಿನ್-೬೨ ಮೊದಲಾದ ರಷ್ಯದ ಹಳೆಯ ಯಂತ್ರಗಳಲ್ಲಿ ಒಮ್ಮೆ ಕೂರಬೇಕೆಂದು ಯೂರೋಪಿನ ಹವ್ಯಾಸಿಗಳೇ ಹಣ ತೆತ್ತು ಅಲ್ಲಿಗೆ ಹೋದರು. ಅವರ ಉತ್ಸಾಹವನ್ನು ನಾವು ಹಳಿಯುವುದಿಲ್ಲ; ಹೊಣೆಯಿಲ್ಲದ ಪ್ರಾಯದವರಿಗೆ ಅದು ಒಪ್ಪೀತು.

ಇನ್ನು ಕಣ್ಣಿಗೆ ಕಾಣುವ ಒಂದು ಗುರುತನ್ನು ಹೇಳುತ್ತೇವೆ. ಕೆನಡದ ಉತ್ತರ ತುದಿಯಲ್ಲಿ ಬಫಲೊ ಏರ್‌ವೇಸ್ ಎಂಬ ಕಂಪನಿಯು ಡಕೋಟಗಳಲ್ಲಿ ನಿತ್ಯದ ಪ್ರಯಾಣಿಕರನ್ನು ಸಾಗಿಸುತ್ತಿತ್ತು. ೨೦೧೩ರ ಆಗಸ್ಟಿನಲ್ಲಿ ಯೆಲ್ಲೋನೈಫ್ ಊರಿನಿಂದ ಏರಿದೊಡನೆ ಅದರ ಒಂದು ಎಂಜಿನಿಗೆ ಬೆಂಕಿ ಬಿದ್ದು ವಿಮಾನ ಕೆಳಗಿಳಿಯಿತು. ೨೪ ಮಂದಿಯೂ ಉಳಿದರು. ಮಿತಿಗಿಂತ ಹೆಚ್ಚು ಭಾರವನ್ನು ಹೇರಿದ್ದರೆಂಬುದು ಆಮೇಲೆ ತಿಳಿಯಿತು. ಆದುದರಿಂದ ಸಣ್ಣ ಹಳೆಯ ವಿಮಾನದ ಬಾಗಿಲಲ್ಲಿ ನಿಮ್ಮನ್ನೂ ನಿಮ್ಮ ಚೀಲವನ್ನೂ ತಕ್ಕಡಿಯ ಮೇಲೆ ನಿಲ್ಲಿಸಿದರೆ, ತೂಕವನ್ನು ನಾಲ್ಕು ಜನರೆದುರಿಗೆ ಓದಿದರೆಂದು ಕೋಪಿಸಿಕೊಳ್ಳಬೇಡಿರಿ. ಅಂತಹವರ ಬಳಿ ಹತ್ತಬಹುದು. ತೂಗದೆ, ಇಷ್ಟಿದ್ದೀತು ಎಂದು ಅಂದಾಜು ಮಾಡುವವರ ಬಳಿ ನಾವು ಹತ್ತೆವು.

ಮನೆಯ ಯಜಮಾನನು ಮರೆಯಬಾರದ ಇನ್ನೊಂದು ಸಂಗತಿ ವಿಮೆಯದು. ನಮ್ಮ ದೇಶದ ಅಪಘಾತ ವಿಮೆಯ ಪತ್ರಗಳಲ್ಲಿ, ಸಕ್ರಮವಾದ ಪರವಾನಿಗೆ ಪಡೆದ ಸಾಮಾನ್ಯ ಮಾದರಿಯ ವಿಮಾನದಲ್ಲಿ ಪ್ರಯಾಣಿಕನಾಗಿ ಹೋದ ಹೊರತು ಆಕಾಶಯಾನಕ್ಕೆ ಪರಿಹಾರವಿಲ್ಲವೆಂಬ ಷರತ್ತು ಸಣ್ಣ ಅಕ್ಷರದಲ್ಲಿ ಇರುವುದು ವಾಡಿಕೆ. ವಿಶೇಷ ಅನುಮತಿಯ ಮೇಲೆ ಹಾರುವ ಹಳೆಯ ಯಂತ್ರವು ಈ ಮಾತಿನೊಳಗೆ ಬರುತ್ತದೆಯೋ ಇಲ್ಲವೋ ಎಂಬುದನ್ನು ಹೊರಡುವ ಮೊದಲೇ ಬರೆದು ಕೇಳಿ, ಉತ್ತರವನ್ನು ಕಾಗದದಲ್ಲಿ ಪಡೆದಿರಬೇಕು.

ನಾವಾದರೆ ಏನು ಮಾಡೇವು ಎಂದು ಕೇಳಿದರೆ, ತಿಳಿಯಾದ ದಿನ, ಬಯಲಿನ ಮೇಲೆ, ಎರಡು ಎಂಜಿನಿನ ಡಕೋಟದಲ್ಲಿ, ಪ್ರತಿ ಚಳಿಗಾಲವೂ ಅದನ್ನು ಬಿಚ್ಚಿ ನೋಡುವ ವಾಡಿಕೆಯಿದ್ದು ನೋಡಿದುದನ್ನು ಮರೆಮಾಚದೆ ಹೇಳುವ ಜನರೊಡನೆ ಹತ್ತೇವು. ಬೆಟ್ಟದ ಕಣಿವೆಗಳನ್ನು ಹತ್ತಿರದಿಂದ ತೋರಿಸುತ್ತೇವೆಂದು ಆಸೆ ಹುಟ್ಟಿಸುವವರೊಡನೆ ಹತ್ತೆವು. ಮನೆಮಂದಿಯೆಲ್ಲ ಒಟ್ಟಿಗೆ ಹತ್ತುವುದನ್ನಂತೂ ಒಪ್ಪೆವು. ಕಿರಿಯ ಮಕ್ಕಳಿಗೆ ಬೇಡವೆನ್ನುವ ವಿವೇಕವಿಲ್ಲ. ಅವರ ಪರವಾಗಿ ನಾವೇ ಬೇಡವೆನ್ನಬೇಕು. ಹಿರಿಯರಿಗೆ ಮೊದಲೇ ತಿಳಿಸಬೇಕಾದುದೂ ಕೊಂಚವಿದೆ. ಡಕೋಟವು ನೆಲದ ಮೇಲೆ ಬಾಲವೂರಿ ನಿಲ್ಲುವುದರಿಂದ ಒಳಗಿನ ದಾರಿ ದಿಬ್ಬದಂತೆ ಏರಾಗಿರುತ್ತದೆ, ಮಂಡಿನೋವಿದ್ದವರು ಬಾಗಿಲ ಬಳಿಯ ಕುರ್ಚಿಯನ್ನೇ ಕೇಳಿಕೊಳ್ಳಲಿ. ಎಂಜಿನಿನ ಸದ್ದು ಬಹಳ, ಕಿವಿಗೆ ಹತ್ತಿಯಿರಲಿ. ತಗ್ಗಿನ ಗಾಳಿಯ ಕುಲುಕಾಟಕ್ಕೆ ಹೊಟ್ಟೆ ತೊಳಸುವುದರಿಂದ ಊಟವನ್ನು ಹಿಂದಿರುಗಿದ ಮೇಲೆ ಇಟ್ಟುಕೊಳ್ಳಬೇಕು. ಚೀಟಿಗೆ ಹಣ ಕೊಡುವಾಗಲೇ, ಹವೆ ಸರಿಯಿಲ್ಲವೆಂದು ಹಾರಾಟವನ್ನು ನಿಲ್ಲಿಸಿದರೆ ಹಣ ಹಿಂದಕ್ಕೆ ಬರುವುದೋ ಎಂದು ಕೇಳಿರಿ; ಹಿಂದಿನ ವರ್ಷ ಹಾಗೆ ಎಷ್ಟು ದಿನ ನಿಲ್ಲಿಸಿದ್ದರೆಂಬುದನ್ನೂ ಅದರೊಡನೆಯೇ ಕೇಳಿಬಿಡಿರಿ.